ಹುರುಳಿ ಹಾಸಿದ ತಿರುವು

ಜನವರಿ ೧೨, ಸೋಮವಾರ

ರಂಗಪ್ಪನ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ.

ಪಂಚನಹಳ್ಳಿಯಿಂದ ಕಡೂರಿಗೆ ಬಸ್ಸು ತರುತ್ತಿದ್ದೆ. ವಾಹನಗಳೇ ತುಳಿದು ಕಾಳು ಬಿಡಿಸಲಿ ಎಂದು ತಿರುವಿನ ಪಕ್ಕದ ಹೊಲದ ರಂಗಪ್ಪ ಎಂದಿನಂತೆ ಅಲ್ಲಿ ಟಾರಿನ ಮೇಲೆ ಹುರುಳಿ ಬಳ್ಳಿ ಹಾಸಿದ್ದ. ಅದರ ಮೇಲೆ ಬೈಕು ಜಾರಿ ಯಾರೋ ಬಿದ್ದಿದ್ದರು. ಆಂಬುಲೆನ್ಸಿನ ನರ್ಸಮ್ಮ ನಮಗೆ ಬೆನ್ನು ಹಾಕಿ, ರಸ್ತೆಯಲ್ಲೇ ಮಂಡಿಯೂರಿ ಅವರ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು.

"ಪಕ್ಕದಾಗೆ ಸಂದೈತಲ್ಲಣ್ಣ, ನುಗ್ಸು. ಹಿಂದಿನ ಬಸ್ಸು ಬಂದ್ಬಿಡ್ತದೆ," ಎಂದ ಕಂಡಕ್ಟರ್ ಭೈರೇಶ.

ನುಗ್ಗಿಸಲಿಲ್ಲ. ದೂರದಲ್ಲೇ ಬಸ್ಸನ್ನು ರಸ್ತೆಗೆ ಅಡ್ಡಲಾಗಿ ನಿಲ್ಲಿಸಿ, ಎರಡೂ ಕಡೆಯ ಇಂಡಿಕೇಟರ್ ಹಾಕಿ, ಕೀ ಜೇಬಿಗಿಳಿಸಿದೆ. ಹಿಂದೆ ಹಾರ್ನ್ ಬಡಿದವರು ಬಡಿದರು, ಬೈದವರು ಬೈದರು. ನರ್ಸಮ್ಮನ ಬೆನ್ನಿಗೆ ಕಣ್ಣಿರುವುದಿಲ್ಲ. ಕಾಯಬೇಕಾದವನು ನಾನು.

ಆಗ ರಂಗಪ್ಪ ಓಡಿ ಬಂದ. "ಏನಪ್ಪಾ ಜಬೀವುಲ್ಲಾ, ನೀನಿಂಗೆ ಅಡ್ಡ ನಿಲ್ಸಿದ್ರೆ ನನ್ ಹುರುಳಿ ತುಳಿಯೋರ್ಯಾರು?"

ಬಿದ್ದವರ ಕಡೆ ತಿರುಗಿಯೂ ನೋಡಲಿಲ್ಲ!

"ಮೊದ್ಲು ಬಾಚು ರಂಗಪ್ಪಣ್ಣ. ತುಳಿಯೋಕೆ ನಿಂಗೂ ಕಾಲೈತೆ," ಎಂದೆ. ಬಸ್ಸಿನೊಳಗೆ ಯಾರೋ ನಕ್ಕರು.

ಗಾಯಾಳುವನ್ನು ಆಂಬುಲೆನ್ಸಿಗೆ ಏರಿಸಿದ ಮೇಲೆ ನರ್ಸಮ್ಮ ನಮ್ಮ ಹತ್ತಿರ ಬಂದರು. ಥ್ಯಾಂಕ್ಸ್ ಗೀಂಕ್ಸ್ ಏನಿಲ್ಲ. ಬಸ್ಸಿನ ಮೈಯನ್ನು ಅಂಗೈಯಿಂದ ಎರಡು ಸಲ ತಟ್ಟಿ "ರೈಟ್, ರೈಟ್" ಎಂದರು, ಥೇಟ್ ಕಂಡಕ್ಟರ್ ಹಾಗೆ. ಆ ತಟ್ಟು ಇನ್ನೂ ಕಿವಿಯಲ್ಲಿದೆ.

ನಾಳೆಯೂ ಅಲ್ಲಿ ಹುರುಳಿ ಕಂಡರೆ ಅದರ ಮೇಲೆ ಬಸ್ಸು ಹತ್ತಿಸುವುದಿಲ್ಲ. ನಿಲ್ಲಿಸಿ ಇಳಿದು, ರಂಗಪ್ಪನ ಕೈಗೇ ಪೊರಕೆ ಕೊಡುತ್ತೇನೆ.

ಪೊರಕೆ ಆಗಲೇ ನನ್ನ ಸೀಟಿನ ಕೆಳಗಿದೆ.