ಒಳಗೆ ಬಿಟ್ಟ ಎರಡು ಇಂಚು

ನವೆಂಬರ್ 10, ರವಿವಾರ

ಗಿರಾಕಿ ರಜನಿಯವರ ಎರಡೂ ಬ್ಲೌಸಿಗೆ ಹುಕ್ಕು ಹಚ್ಚಿ ಮುಗಿಸಿದೆ. ಬೆಲ್ವ್ಯೂ ಊರಿನಿಂದ ಬಂದು ಒಯ್ಯುತ್ತಾರೆ. ಮಧ್ಯಾಹ್ನ ರೊಟ್ಟಿ, ಬದನೆಕಾಯಿ ಪಲ್ಯ. ಶೀತಲ್ ಎರಡು ರೊಟ್ಟಿ ತಿಂದು ಮೂರನೆಯದು ಕೇಳಿದಳು. ಹದಿನಾಲ್ಕು ವರ್ಷ. ದಿನಾ ಬೆಳೀತಾಳೆ.

ಊಟ ಮಾಡಿ ಗರಾಜಿಗೆ ಹೋಗಿ ಹೋದ ವರ್ಷದ ಬೂಟು ಹಾಕಿ ನೋಡಿದಳು. ಸ್ನೋಬೋರ್ಡ್ ರೇಸಿಗೆ ಹಾಕುವ ಗಟ್ಟಿ ಪ್ಲಾಸ್ಟಿಕ್ ಬೂಟು. ಹಿಮ್ಮಡಿ ಇಳಿಯಲೇ ಇಲ್ಲ.

"ಅವ್ವಾ, ಇಟ್ಸ್ ಓವರ್," ಅಂದಳು. ಬೋರ್ಡೂ ಗಿಡ್ಡ ಆಗಿದೆಯಂತೆ.

ಪ್ರತಿ ನವೆಂಬರಿಗೆ ಅಳತೆಯ ಈ ಕೆಲಸ ನಮ್ಮ ಮನೆಯವರದು, ಶೀತಲ್ ಅಪ್ಪನದು. ರಟ್ಟಿನ ಮೇಲೆ ಮಗಳನ್ನು ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಎಳೆದು, ತಾರೀಖು ಬರೆದು ಗರಾಜಿನ ಗೋಡೆಗೆ ಹಚ್ಚುತ್ತಿದ್ದರು. ಕೆಳಗೆ "ಮಲ್ಲೇಶ" ಅಂತ ಸಹಿ ಬೇರೆ, ಆಫೀಸಿನ ಕಾಗದದ ಹಾಗೆ. ಐದು ರಟ್ಟು ಇವೆ. 18.7 ಸೆಂಟಿಮೀಟರಿನಿಂದ ಶುರು. ಕೊನೆಯದು 23.1. ಈ ಆಗಸ್ಟ್‌ನಲ್ಲಿ ಅವರಿಗೆ ಆಫೀಸಿನಲ್ಲೇ ಎದೆನೋವು ಬಂತು. ಆಸ್ಪತ್ರೆ ಮುಟ್ಟುವುದರೊಳಗೆ ಇಲ್ಲ.

ಟೇಪು ತಂದು ನಾನೇ ಅಳೆದೆ. 24.3. ರಟ್ಟು ಮಾತ್ರ ತೆಗೆಯಲಿಲ್ಲ. ನನ್ನಿಂದ ಆಗಲಿಲ್ಲ.

"ಬೋರ್ಡ್ ಪ್ರಾಬ್ಲೆಮ್ ಇಲ್ಲ. ಐ ವಿಲ್ ಯೂಸ್ ಅಪ್ಪಾಸ್," ಅಂದಳು ಶೀತಲ್. ಗೋಡೆಗೆ ತೂಗುಹಾಕಿದ ನೀಲಿ ಬೋರ್ಡು. ನನಗಿಂತ ಎತ್ತರ.

ಒಳಗೆ ಬಂದೆ. ಹೊಲಿಗೆಯ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಇದನ್ನು ಬರೆದೆ. ಮುಂದಿನ ಹಾಳೆಗಳಲ್ಲಿ ಊರಿನ ಹೆಂಗಸರ ತೋಳು, ಎದೆ, ಸೊಂಟ.

ನವೆಂಬರ್ 16, ಶನಿವಾರ

ಒಂದು ಶಾಲೆಯ ಜಿಮ್ಮಿನಲ್ಲಿ ಹಳೆ ಸ್ಕೀ ಸಾಮಾನಿನ ಮಾರಾಟ ಇತ್ತು. ಹುಡುಕಿ ಹುಡುಕಿ ರೇಸಿನ ಬೂಟು ಒಂದೇ ಜೊತೆ ಸಿಕ್ಕಿತು. ಕೆಂಪು. ಹೊಸದರ ಹಾಗೇ ಇದೆ. ಮೇಲೆ 26.5 ಅಂತ ಇತ್ತು.

ಶೀತಲ್ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದಳು. "ಅವ್ವಾ, ದೀಸ್ ಆರ್ ಬಕೆಟ್ಸ್."

"ಎರಡು ಜೋಡಿ ಸಾಕ್ಸ್ ಹಾಕೋ. ಬೆಳಿಯೂ ಕಾಲು. ಎರಡು ವರ್ಷ ನಡಿತೈತಿ."

ಗುಳೇದಗುಡ್ಡದಲ್ಲಿ ನನಗೆ ಅವ್ವ ಹಾಗೇ ತರುತ್ತಿದ್ದಳು. ಶಾಲೆಯ ಚಪ್ಪಲಿ, ಸ್ವೆಟರ್, ಎಲ್ಲಾ ಎರಡು ವರ್ಷ ದೊಡ್ಡದು. ಚಪ್ಪಲಿ ಸರಿಯಾಗುವ ಹೊತ್ತಿಗೆ ಹೆಬ್ಬೆರಳು ತೂರಿಸುವ ಉಂಗುಷ್ಠ ಹರಿದಿರುತ್ತಿತ್ತು. ಅದೇನೂ ಆಗ ತಪ್ಪು ಅನಿಸಿರಲಿಲ್ಲ.

ಕಾರಿನಲ್ಲಿ ಮಡಿಲ ಮೇಲೆ ಬೂಟು ಇಟ್ಟುಕೊಂಡು ಬಂದಳು. ನನಗೆ ಒಳಗೊಳಗೇ ಹೆಮ್ಮೆ. ಅವರಿಲ್ಲದೆ ಒಂದು ಕೆಲಸ ಮಾಡಿದೆ.

ಮಾರ್ಚ್ 9ಕ್ಕೆ ಕೊನೆಯ ರೇಸು. ಮೊದಲ ಮೂವರಿಗೆ ಕೊಲರಾಡೋದ ದೊಡ್ಡ ರೇಸಿಗೆ ಹೋಗಲು ಸಿಗುತ್ತದೆ. ಹೋದ ವರ್ಷ ಇವಳು ನಾಲ್ಕನೆಯವಳು. ಅಪ್ಪ ಮಗಳು ಅವತ್ತೇ ನಕಾಶೆ ತೆಗೆದು ಕೂತಿದ್ದರು. ಮುಂದಿನ ಸಲ ಗೆದ್ದು, ಕಾರಿನಲ್ಲೇ ಹೋಗೋದು. ದಾರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ನನ್ನನ್ನು ಯಾರೂ ಕೇಳಿರಲಿಲ್ಲ, ರೊಟ್ಟಿ ಬಡಿಯುವವಳು ನಾನೇ ಆದರೂ.

ಡಿಸೆಂಬರ್ 21, ಶನಿವಾರ

ಘಟ್ಟದ ರಸ್ತೆಯಲ್ಲಿ ಮೊದಲ ಸಲ ನಾನು ಡ್ರೈವ್ ಮಾಡಿದೆ. ನಮ್ಮೂರು ಸ್ನೊಕ್ವಾಲ್ಮಿಯಿಂದ ಹಿಮದ ಗುಡ್ಡಕ್ಕೆ ಅರ್ಧ ಗಂಟೆಯ ದಾರಿ, ಐವತ್ತು ನಿಮಿಷ ತೆಗೆದುಕೊಂಡೆ. "ಅವ್ವಾ, ಎ ಬಸ್ ಪಾಸ್ಡ್ ಅಸ್," ಅಂದಳು. ನಾನು ಕನ್ನಡಿ ನೋಡಲೇ ಇಲ್ಲ.

ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಕೋಚ್ ವಾಲ್ಟ್ ಇದ್ದರು. ಎಪ್ಪತ್ತು ದಾಟಿದೆ, ಮಾತು ಕಡಿಮೆ. ನಮ್ಮ ಮನೆಯವರಿಗೂ ಮಗಳಿಗೂ ಕಲಿಸಿದವರು ಇವರೇ. ಅಪ್ಪನ ಬೋರ್ಡು ಆಮೇಲೆ ನೋಡೋಣ ಅಂತ ಕ್ಲಬ್ಬಿನ ಹಳೆ ಬೋರ್ಡು ಕೊಟ್ಟು, ಹದಿನಾರು ಕಂಬ ನೆಟ್ಟು, ಸುತ್ತಿ ಇಳಿಯಿರಿ ಅಂದರು. ಶೀತಲ್ ಮೂರನೆಯ ಕಂಬಕ್ಕೆ ಬಿದ್ದಳು. ಎರಡನೆಯ ಸಲ ಎರಡನೆಯ ಕಂಬಕ್ಕೇ. ಮೂರನೆಯ ಸಲ ಬಿದ್ದವಳು ಜಾರಿಕೊಂಡು ನನ್ನ ಕಾಲ ಹತ್ತಿರದ ಬಲೆಗೆ ಬಂದು ಬಡಿದಳು. ನನ್ನ ಕೈಯಲ್ಲಿದ್ದ ಥರ್ಮಾಸು ಎಲ್ಲಿ ಬಿತ್ತೋ ಗೊತ್ತಿಲ್ಲ.

ಪೆಟ್ಟಾಗಿರಲಿಲ್ಲ. ವಾಲ್ಟ್ ಬಂದು ಬೋರ್ಡು ನೋಡಿದರು. ರೇಸಿನ ಬೋರ್ಡು ನನ್ನ ಗೇಣಿನಷ್ಟೂ ಅಗಲ ಇಲ್ಲ. ಬೂಟಿನ ಮೂತಿ ಅಂಚು ದಾಟಿ ಹೊರಗೆ ಬಂದಿತ್ತು. ಬೋರ್ಡು ವಾಲಿದ ಕೂಡಲೇ ಮೂತಿ ಹಿಮಕ್ಕೆ ತಾಗುತ್ತೆ, ಬೋರ್ಡು ಎದ್ದು ಹಾರುತ್ತೆ ಅಂದರು. ಆಮೇಲೆ ಬೂಟು ಬಿಚ್ಚಿಸಿ, ಒಳಗಿನ ಮೆತ್ತೆ ಹೊರಗೆ ತೆಗೆದು, ಬರಿ ಪ್ಲಾಸ್ಟಿಕ್ ಚಿಪ್ಪಿನಲ್ಲಿ ಅವಳ ಕಾಲು ಇಡಿಸಿದರು. ಬೆರಳು ಮುಂದಕ್ಕೆ ತಾಗಿಸು ಅಂದರು. ಹಿಮ್ಮಡಿಯ ಹಿಂದೆ ತಮ್ಮ ಕೈ ಬೆರಳು ತೂರಿಸಿದರು. ಒಂದು, ಒಂದೂವರೆ ಹಿಡಿಯಬೇಕಂತೆ. ಮೂರು ಹಿಡಿದವು, ಇನ್ನೂ ಜಾಗ ಇತ್ತು.

"ಈ ಬೂಟು ಆರಿಸಿದ್ದು ಯಾರು?"

ಶೀತಲ್ ತಲೆ ಎತ್ತಲಿಲ್ಲ. "ಮಿ," ಅಂದಳು. "ನಾನೇ ಆರಿಸಿದ್ದು. ಕಲರ್ ಇಷ್ಟ ಆಯ್ತು."

ನಾನು ಅಲ್ಲೇ ಇದ್ದೆ. ಒಂದು ಮಾತೂ ಆಡಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ, "ಕೊಲರಾಡೋ ಬೇಡ ಅವ್ವಾ. ಈ ವರ್ಷ ಬೇಡ. ಅಪ್ಪ ಇಲ್ಲದೆ ಇಟ್ಸ್ ಸ್ಟುಪಿಡ್ ಎನಿವೇ."

ಡಿಸೆಂಬರ್ 27, ಶುಕ್ರವಾರ

ಆರು ದಿನ ಗರಾಜಿನ ಬಾಗಿಲು ಯಾರೂ ತೆಗೆದಿಲ್ಲ.

ರಜನಿ ಮಗಳನ್ನು ಕರೆದುಕೊಂಡು ಬಂದಿದ್ದರು. ಮೈಸೂರಿನವರು, ಬಾಯಿ ತುಂಬಾ ಮಾತು. ಮಗಳಿಗೆ ಸಂಕ್ರಾಂತಿಗೆ ಲಂಗ ಬ್ಲೌಸ್ ಬೇಕಂತೆ.

"ಸ್ವಲ್ಪ ದೊಡ್ಡದಾಗೇ ಹೊಲಿದ್ಬಿಡ್ರೀ. ಬೆಳೆಯೋ ಹುಡ್ಗಿ, ಮುಂದಿನ ವರ್ಷಾನೂ ಹಾಕ್ಕೊತಾಳೆ."

"ದೊಡ್ಡದು ಹೊಲಿಯೂದಿಲ್ಲ ರೀ. ಭುಜ ಇಳಿಬಿದ್ದು ಯಾರದೋ ಹಾಕ್ಕೊಂಡಂಗ ಕಾಣತೈತಿ. ಇವತ್ತಿನ ಮೈಗೆ ಸರಿಯಾಗಿ ಹೊಲಿತೇನಿ. ಒಳಗ ಎರಡು ಇಂಚು ಬಿಟ್ಟಿರತೇನಿ. ಬೆಳದಂಗ ಬಿಚ್ಚಿ ಬಿಚ್ಚಿ ಕೊಡತೇನಿ."

ಹೇಳಿದವಳು ಟೇಪು ಕೆಳಗಿಟ್ಟೆ. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹೇಳುತ್ತಾ ಬಂದ ಮಾತು. ಹೊಲಿಗೆ ಕಲಿಸಿದವರು ಮೊದಲ ದಿನ ಹೇಳಿಕೊಟ್ಟದ್ದು. ಬಟ್ಟೆಗೆ ಗೊತ್ತಿತ್ತು, ಬೂಟಿಗೆ ಮರೆತೆ.

"ಏನಾಯ್ತು ರೀ?" ಅಂದರು ರಜನಿ.

"ಏನಿಲ್ಲ. ತೋಳು ಎತ್ತಾಕ ಹೇಳ್ರಿ ಹುಡುಗಿಗೆ."

ಅವರು ಹೋದ ಮೇಲೆ ವಾಲ್ಟ್‌ಗೆ ಫೋನ್ ಮಾಡಿದೆ. ಇಂಗ್ಲಿಷಿನಲ್ಲಿ ಏನು ಹೇಳಬೇಕು ಅಂತ ಮೊದಲು ಈ ಹಾಳೆಯ ಅಂಚಿಗೆ ಬರೆದುಕೊಂಡೆ. ಬೂಟು ಆರಿಸಿದ್ದು ನಾನು, ಮಗಳಲ್ಲ. ಅದನ್ನು ಮೊದಲು ಹೇಳಿದೆ.

"ಗೊತ್ತು," ಅಂದರು. "ರವಿವಾರ ಬನ್ನಿ. ಅವಳನ್ನೂ ಕರೆತನ್ನಿ. ಮಲ್ಲೇಶನ ಬೋರ್ಡನ್ನೂ."

ಡಿಸೆಂಬರ್ 29, ರವಿವಾರ

ಬರುವುದಿಲ್ಲ ಅಂದಳು ಶೀತಲ್. ಅಪ್ಪನ ಬೋರ್ಡು ಇಳಿಸಿಕೊಡು, ನನ್ನ ಕೈಗೆ ನಿಲುಕೂದಿಲ್ಲ ಅಂದೆ. ಇಳಿಸಿದಳು. ಇಳಿಸಿದ ಮೇಲೆ ಅದನ್ನು ಕೈಬಿಡಲಿಲ್ಲ, ಅದರ ಜೊತೆಗೇ ಕಾರು ಹತ್ತಿದಳು.

ವಾಲ್ಟ್ ಮನೆ ಪಕ್ಕದ ಊರಿನಲ್ಲೇ. ಗರಾಜಿನಲ್ಲಿ ಕಾರಿಗೆ ಜಾಗ ಇಲ್ಲ. ಬೋರ್ಡು, ಬೂಟು, ನಡುವೆ ಒಂದು ಹೀಟರ್.

ಮೊದಲು ಬೂಟು. ಈ ಬೂಟಿನ ನಂಬರು ಅಂದರೆ ಪಾದದ ಸೆಂಟಿಮೀಟರೇ ಅಂತ. ಅಷ್ಟು ಸರಳ. ನಾನು ಟೇಪು ಹಾಕುತ್ತಿದ್ದೆ, ನಂಬರು ಕಣ್ಣ ಮುಂದೆ ಇತ್ತು, ಆದರೂ... ಇರಲಿ. 24.5ರ ಒಂದು ಜೊತೆ ತೆಗೆದರು. ಕಪ್ಪು, ಗೀಚು ಬಿದ್ದದ್ದು. ಬರಿ ಚಿಪ್ಪಿನಲ್ಲಿ ಕಾಲಿಟ್ಟಳು. ಈ ಸಲ ಬೆರಳು ತೂರಿಸಿದವಳು ನಾನು. ಒಂದೂವರೆ. ಎರಡು ಹಿಡಿಯಲಿಲ್ಲ.

ಮೆತ್ತೆ ಹಾಕಿ ಬಿಗಿದಾಗ ಬೆರಳಿಗೆ ಸರಿ, ಹಿಮ್ಮಡಿ ಮಾತ್ರ ಕೂದಲೆಳೆಯಷ್ಟು ಏಳುತ್ತಿತ್ತು. ವಾಲ್ಟ್ ಗಲ್ಲ ತುರಿಸಿಕೊಂಡರು. ಒಂದು ಸೈಜು ಕೆಳಗೆ ಹೋದರೆ ಫೆಬ್ರವರಿಗೆ ಕಾಲು ಹಿಡಿಸಲ್ಲ ಅಂದರು.

"ಸಣ್ಣದು ಬ್ಯಾಡ," ಅಂದೆ. ಕನ್ನಡದಲ್ಲೇ ಬಂತು. ಶೀತಲ್ ಇಂಗ್ಲಿಷ್ ಮಾಡಿದಳು. "ಕಣಕಾಲ ಗಂಟಿನ ಸುತ್ತ, ಮೆತ್ತೆಯ ಹೊರಗ, ದಪ್ಪ ಉಣ್ಣೆ ಬಟ್ಟೆ ಮೂರು ಪದರ ಕೂಡಸ್ತೇನಿ. ಕಚ್ಚಾ ಹೊಲಿಗೆ. ಕಾಲು ಬೆಳದಂಗ ಒಂದೊಂದು ಪದರ ಬಿಚ್ಚೂದು."

ವಾಲ್ಟ್ ನನ್ನ ಮುಖ ನೋಡಿದರು. "ಅಂಗಡಿಯವರು ಇದಕ್ಕೆ ಅಂಟು ಹಚ್ಚಿದ ಫೋಮು ಕೊಡ್ತಾರೆ. ನಿಮ್ಮದು ಅದಕ್ಕಿಂತ ಚೆನ್ನಾಗಿದೆ," ಅಂದರು.

ಆಮೇಲೆ ಬೋರ್ಡು. ಎತ್ತರ ಕೇಳಲಿಲ್ಲ, ತೂಕ ಕೇಳಿದರು. 48 ಕಿಲೋ. ಎರಡು ಮರದ ದಿಮ್ಮಿಯ ಮೇಲೆ ಅವಳ ಅಪ್ಪನ ನೀಲಿ ಬೋರ್ಡನ್ನು ಅಡ್ಡ ಇಟ್ಟು, ನಡುವೆ ನಿಲ್ಲು ಅಂದರು. ಶೀತಲ್ ನಿಂತಳು. ಬಾಗಲಿಲ್ಲ. ಮೆಲ್ಲಗೆ ಜಿಗಿದಳು. ಆಗಲೂ ಇಲ್ಲ. ಬಾಗದ ಬೋರ್ಡು ತಿರುಗೋದಿಲ್ಲ, ನಿನ್ನನ್ನು ಹೊತ್ತುಕೊಂಡು ನೆಟ್ಟಗೆ ಹೋಗುತ್ತೆ ಅಂದರು ವಾಲ್ಟ್.

ಅವಳು ಇಳಿಯಲಿಲ್ಲ. ನಾನು ಹತ್ತಿರ ಹೋದೆ.

"ಇದು ನಿಮ್ಮಪ್ಪನ ತೂಕಕ್ಕ ಮಾಡಿದ್ದು ಯವ್ವಾ. ಅವರ ಅಂಗಿ ನಿನಗ ಆಗತೈತೇನು?"

"ಐ ವೇರ್ ಹಿಸ್ ಶರ್ಟ್," ಅಂದಳು. "ರಾತ್ರಿ. ಎವ್ರಿ ಡೇ."

ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು.

"ಹಾಕ್ಕೋ. ಮಲಗೂಮುಂದ ಹಾಕ್ಕೋ. ರೇಸಿಗೆ ನಿಂದು ಹಾಕ್ಕೊಂಡು ಹೋಗು."

ಆಗ ಇಳಿದಳು.

ಆರು ಬೋರ್ಡು ದಿಮ್ಮಿ ಮೇಲಿಟ್ಟು ಹತ್ತಿ ಇಳಿದಳು. ಒಂದು ಬಿದಿರಿನ ಬುಟ್ಟಿಯ ಹಾಗೆ ಸಡಿಲ. ಒಂದು ಬಿರುಸು. 156 ಸೆಂಟಿಮೀಟರ್ ಉದ್ದದ್ದು ಒಂದು, ಬಿಳಿ, ಅಂಚಿಗೆ ಹಸಿರು ಗೆರೆ, ನಿಂತ ಕೂಡಲೇ ಮೆಲ್ಲಗೆ ಬಾಗಿ ಮತ್ತೆ ಪುಟಿದು ಬಂತು. ನಾನು ಕೈಯಿಂದಲೂ ಅದುಮಿ ನೋಡಿದೆ. ನಮ್ಮೂರ ಹೊಸ ಖಣದ ಬಟ್ಟೆ ಹಿಂಡಿ ಬಿಟ್ಟಾಗ ಹೀಗೇ ಬಿಚ್ಚಿಕೊಳ್ಳುತ್ತೆ.

"ಇದು," ಅಂದೆ.

"ದಿಸ್," ಅಂದಳು ಅವಳೂ, ಅದೇ ಹೊತ್ತಿಗೆ.

ಬೋರ್ಡಿನ ಮೇಲೆ ಬೂಟು ಕೂಡಿಸುವ ಕೋನವನ್ನು ವಾಲ್ಟ್ ತಿರುಗಿಸುತ್ತಾ ಹೋದರು, ನಾನು ಟೇಪು ಹಿಡಿದೆ. ಮೂತಿಯೂ ಹಿಮ್ಮಡಿಯೂ ಅಂಚಿನೊಳಗೆ. ಎರಡೂ ಕಡೆ ಮೂರು ಮಿಲಿಮೀಟರ್ ಉಳಿಯಿತು.

ಜನವರಿ 14, ಮಂಗಳವಾರ

ಅವರಿಲ್ಲದ ಮೊದಲ ಸಂಕ್ರಮಣ. ಮಾದ್ಲಿ, ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ. ಮೂರು ತಟ್ಟೆ ಹಾಕಿಬಿಟ್ಟೆ. ಶೀತಲ್ ನೋಡಿದಳು. ಮೂರನೆಯದಕ್ಕೆ ಹೋಳಿಗೆ ಹಾಕಿ ಮುಚ್ಚಿ, "ವಾಲ್ಟ್‌ಗೆ," ಅಂದಳು.

ಎರಡು ವಾರದಿಂದ ಅವಳು ಹಿಮದಲ್ಲಿ ಒಮ್ಮೆಯೂ ಬಿದ್ದಿಲ್ಲ.

ಫೆಬ್ರವರಿ 15, ಶನಿವಾರ

ಕಾಲು 24.6. ಬೆರಳು ನೋಯುತ್ತೆ ಅಂದಳು. ದಾರ ಕತ್ತರಿಸಿ ಒಂದು ಪದರ ತೆಗೆದೆ, ಹಿಮ್ಮಡಿ ಹಿಂದಕ್ಕೆ ಸರಿದು ಬೆರಳಿಗೆ ಜಾಗ ಆಯಿತು. ಐದು ನಿಮಿಷದ ಕೆಲಸ. ಪಾರ್ಕಿಂಗ್‌ನಲ್ಲಿ ಡಿಕ್ಕಿ ತೆಗೆದು ಕೂತು ಮಾಡಿದೆ, ಕತ್ತರಿ ಚೀಲದಲ್ಲೇ ಇರುತ್ತೆ ಈಗ. ಇನ್ನೊಬ್ಬ ಹುಡುಗಿ ಬಂದು ತನ್ನ ಬೂಟೂ ತೋರಿಸಿದಳು.

ದಾರಿಗೆ ಈಗ ಮೂವತ್ತೈದು ನಿಮಿಷ. ಬಸ್ಸನ್ನು ಹಿಂದೆ ಹಾಕಿದೆ. ಶೀತಲ್ ಚಪ್ಪಾಳೆ ತಟ್ಟಿದಳು.

ಮಾರ್ಚ್ 9, ರವಿವಾರ

ಈ ದೇಶದಲ್ಲಿ ಪ್ರತಿ ಮಾರ್ಚಿಗೆ ಮಾಡುವ ಹಾಗೆ ಇವತ್ತೇ ಗಡಿಯಾರ ಒಂದು ಗಂಟೆ ಮುಂದೆ ಇಟ್ಟರು. ಒಂದು ಗಂಟೆಯ ನಿದ್ದೆ ಸರಕಾರ ತಿಂತು.

ಇಬ್ಬರಿಬ್ಬರು ಪಕ್ಕಪಕ್ಕದಲ್ಲಿ ಇಳಿಯುವ ರೇಸು, ಒಬ್ಬರಿಗೆ ಕೆಂಪು ಕಂಬ, ಒಬ್ಬರಿಗೆ ನೀಲಿ. ಸೋತವರು ಹೊರಗೆ. ಶೀತಲ್ ಎರಡು ಸುತ್ತು ಸಲೀಸಾಗಿ ಗೆದ್ದಳು. ಸೆಮಿಫೈನಲ್‌ನಲ್ಲಿ ಹೋದ ವರ್ಷ ಇವಳನ್ನು ಹಿಂದೆ ಹಾಕಿ ಮೂರನೆಯವಳಾದ ಹುಡುಗಿಯೇ ಬಂದಳು. ಗೆದ್ದರೆ ಕೊಲರಾಡೋ ಖಾತ್ರಿ.

ಮೊದಲ ನಾಲ್ಕು ಕಂಬ ಆ ಹುಡುಗಿ ಮುಂದೆ. ನನಗೆ ಕಾಣುತ್ತಿದ್ದದ್ದು ಇವಳ ಬೂಟು ಮಾತ್ರ. ಪ್ರತಿ ತಿರುವಿಗೂ ಬೋರ್ಡು ಅಂಚಿನ ಮೇಲೆ ನಿಂತಿತು, ಬಾಗಿತು, ಪುಟಿಯಿತು. ಮೂತಿ ಎಲ್ಲೂ ತಾಗಲಿಲ್ಲ. ಒಂಬತ್ತನೆಯ ಕಂಬಕ್ಕೆ ಸರಿಸಮ. ಹನ್ನೆರಡಕ್ಕೆ ಅರ್ಧ ಬೋರ್ಡು ಮುಂದೆ. ಆಮೇಲೆ ಎಣಿಸಲಿಲ್ಲ. ಗುಳೇದಗುಡ್ಡದ ಭಾಷೆಯಲ್ಲಿ ಏನೇನೋ ಕೂಗಿದೆ, ಪಕ್ಕದವರು ಜಾಗ ಬಿಟ್ಟು ನಿಂತರು.

ಗೆದ್ದಳು. ಕಾಲು ಸೆಕೆಂಡಿನಿಂದ.

ಫೈನಲ್‌ನಲ್ಲಿ ಸೋತಳು, ಎರಡನೆಯ ಬಹುಮಾನ. ಅವಳಿಗೂ ಅದರ ಚಿಂತೆ ಇರಲಿಲ್ಲ, ಸೋತು ಬಂದವಳು ನಗುತ್ತಾ ಬಂದಳು. ಬೇರೆ ಕ್ಲಬ್ಬಿನ ಕೋಚ್ ಒಬ್ಬರು ಬಗ್ಗಿ ಅವಳ ಕಾಲು ನೋಡುತ್ತಿದ್ದರು.

"ಬೂಟು ಎಷ್ಟು ಚೆನ್ನಾಗಿ ಕೂತಿದೆ. ಯಾರು ಫಿಟ್ ಮಾಡಿದ್ದು?"

"ಮೈ ಮಾಮ್," ಅಂದಳು ಶೀತಲ್. ತಲೆ ಎತ್ತಿ. "ಶಿ ಈಸ್ ಎ ಟೇಲರ್."

ವಾಲ್ಟ್ ಹತ್ತಿರ ಬಂದರು. ಹೋಳಿಗೆಯ ಖಾಲಿ ಡಬ್ಬಿ ತಂದಿದ್ದರು, ಅದನ್ನು ನನ್ನ ಕೈಗೆ ಕೊಟ್ಟು ಕಣ್ಣು ಒರೆಸಿಕೊಂಡರು.

ಮಾರ್ಚ್ 16, ರವಿವಾರ

ಬೆಳಿಗ್ಗೆಯಿಂದ ರೊಟ್ಟಿ ಬಡಿಯುತ್ತಿದ್ದೇನೆ. ಅರವತ್ತು ಆದವು. ಕೊಲರಾಡೋಕ್ಕೆ ಎರಡು ದಿನದ ದಾರಿ, ಡ್ರೈವ್ ನಂದೇ. ಶೇಂಗಾ ಚಟ್ನಿ ಆಗಿದೆ. ಈ ಸಲ ನನ್ನನ್ನು ಕೇಳಿದಳು.

ಮಧ್ಯಾಹ್ನ ಗರಾಜಿಗೆ ಕರೆದಳು. ರಟ್ಟು ಹಾಸಿ ನಿಂತಿದ್ದಳು. ಕುಕ್ಕರುಗಾಲಲ್ಲಿ ಕೂತು ಪಾದದ ಸುತ್ತ ಪೆನ್ಸಿಲ್ ಎಳೆದೆ. 24.8. ತಾರೀಖು ಬರೆದೆ. ಸಹಿ ಹಾಕು ಅಂದಳು. ಹಾಕಿದೆ. ಐದು ರಟ್ಟಿನ ಕೆಳಗೆ ಆರನೆಯದು ಹಚ್ಚಿದೆವು. ಬೂಟಿನ ಎರಡನೆಯ ಪದರ ಬಿಚ್ಚಿದ್ದಾಯಿತು. ಒಂದು ಉಳಿದಿದೆ.

ಆಮೇಲೆ ಅಪ್ಪನ ನೀಲಿ ಬೋರ್ಡನ್ನು ಎರಡು ಇಟ್ಟಿಗೆಯ ಮೇಲೆ ಇಟ್ಟು ನಿಂತಳು. ನಾನು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ. ಒಂದು ನೂಲಿನಷ್ಟು ಬಾಗಿತ್ತು.

"ಸೀ?" ಅಂದಳು. "ಇನ್ನೆರಡು ವರ್ಷ."

ವಾಲ್ಟ್ ಹತ್ತಿರ ಹೊಸದಾಗಿ ಕಲಿಯುವ ದೊಡ್ಡವರಿಗೆ ಆಗುವ ಬೂಟುಗಳೂ ಇವೆಯಂತೆ. ಅಳತೆ ಕಳಿಸು ಅಂತ ಶೀತಲ್‌ಗೆ ಮೆಸೇಜ್ ಬಂದಿದೆ. ಯಾರ ಅಳತೆ ಅಂದೆ. ಇನ್ನೊಂದು ರಟ್ಟು ತಂದು ಕುರ್ಚಿಯಲ್ಲಿ ಕೂತ ನನ್ನ ಕಾಲ ಕೆಳಗೆ ತಳ್ಳಿದ್ದಾಳೆ. ಬರೀತೀನಿ ತಡಿ ಅಂದರೂ ಕೇಳುವುದಿಲ್ಲ. ನನ್ನ ಸಾಕ್ಸ್ ಎಳೆಯುತ್ತಿದ್ದಾಳೆ. ಪೆನ್ನು ಕೊಡು ಅವ್ವಾ ಅಂತಾಳೆ, ನೆಟ್ಟಗೆ ನಿಂದ್ರು, ತೂಕ ಎರಡೂ ಕಾಲಿನ ಮೇಲೆ