ಎರಡು ಗ್ಲಾಸು ನೀರು

ಲೇಡೀಸ್ ಹಾಸ್ಟೆಲ್, ಕಾಸರಗೋಡು
18 ಜನವರಿ 2026

ಪ್ರೀತಿಯ ಪಪ್ಪಾ,

ನಮಸ್ಕಾರ. ಕ್ರಿಸ್ಮಸ್ ರಜೆಗೂ ಬಾರದೆ ಈಗ ಕಾಗದ ಬರೆಯುತ್ತಿದ್ದೇನೆ, ಸಾರಿ. ಫೋನ್ ಮಾಡಿದರೆ ನೀವು "ಅಮ್ಮನಿಗೆ ಕೊಡ್ತೇನೆ" ಎನ್ನುತ್ತೀರಿ. ಕಾಗದವನ್ನಾದರೂ ಅಮ್ಮನಿಗೆ ಕೊಡುವ ಮೊದಲು ಬಿಡಿಸಿ ನೋಡುತ್ತೀರಿ ಎಂಬ ಧೈರ್ಯ. ಪಂಚಾಯತು ಎಲೆಕ್ಷನಿನಲ್ಲಿ ನನ್ನ ಮೊದಲ ಓಟು ನಿಮ್ಮ ಪಾರ್ಟಿಗೆ ಅಲ್ಲ ಎಂದು ಊಟಕ್ಕೆ ಕೂತಾಗ ಹೇಳಿಬಿಟ್ಟೆ. ನೀವು ಅರ್ಧಕ್ಕೇ ಎದ್ದು ಕೈ ತೊಳೆದಿರಿ. ಅಲ್ಲಿಗೆ ನಮ್ಮ ಮಾತು ನಿಂತಿತು.

ಇಲ್ಲಿನ ಸುದ್ದಿ ಹೇಳುತ್ತೇನೆ. ನಮ್ಮ ಸೈಕಾಲಜಿ ಮಿಸ್ ಒಂದು ರಿಸರ್ಚ್ ಮಾಡುತ್ತಿದ್ದಾರೆ. ಎಲೆಕ್ಷನ್ ಮುಗಿದ ಮೇಲೆ ಎದುರು ಪಾರ್ಟಿಯವರ ಮೇಲೆ ನಿಮಗೆ ಎಷ್ಟು ಕೋಪ, ಅವರಿಗೆ ನಿಮ್ಮ ಮೇಲೆ ಎಷ್ಟಿರಬಹುದು ಎಂದು ಮನೆಮನೆಗೆ ಹೋಗಿ ಕೇಳಿ, ಹತ್ತರಲ್ಲಿ ಮಾರ್ಕು ಹಾಕಿಸಬೇಕು. ನನ್ನನ್ನು ಕುಂಬ್ಡಾಜೆಯ ಒಂದು ಗುಡ್ಡಕ್ಕೆ ಹಾಕಿದರು. ಜೀಪಿನಲ್ಲೇ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದೆ.

ಮೊದಲ ಮನೆ ಕಿಟ್ಟಣ್ಣನದು. ಗೋಡೆ ಬರೆದು, ಬಾವುಟ ಕಟ್ಟಿ, ಕೊನೆಗೆ ಸೋತ ಪಾರ್ಟಿಯವರು. ಜಗಲಿಯಲ್ಲಿ ಕೂರಿಸಿ ಬೆಲ್ಲದ ತುಂಡು, ಚೆಂಬಿನಲ್ಲಿ ನೀರು ತಂದಿಟ್ಟರು. ನನ್ನ ಪ್ರಶ್ನೆಗೆ ನಕ್ಕುಬಿಟ್ಟರು. "ಕೋಪಕ್ಕೆ ಎಂತ ಮಾರ್ಕು ಮಾರಾಯ್ತಿ? ನಾನು ಎಸ್ಸೆಸ್ಸೆಲ್ಸಿಯಲ್ಲೇ ಫೇಲ್." ಗಾಬರಿಯಲ್ಲಿ ನಾನು ಎರಡು ಖಾಲಿ ಗ್ಲಾಸು ಕೇಳಿದೆ, ಒಂದಕ್ಕೆ ನಿಮ್ಮ ಕೋಪದಷ್ಟು ನೀರು ಹೊಯ್ಯಿರಿ, ಇನ್ನೊಂದಕ್ಕೆ ಅವರ ಕೋಪದಷ್ಟು ಎಂದೆ. ತಮ್ಮದಕ್ಕೆ ಸ್ವಲ್ಪವೇ ಹೊಯ್ದು, ಅದೂ ರಿಸಲ್ಟ್ ದಿನದ್ದು, ಈಗ ಅಷ್ಟೂ ಇಲ್ಲ ಎಂದರು. ಎದುರಿನವರ ಗ್ಲಾಸನ್ನು ಮಾತ್ರ ಕಂಠಪೂರ್ತಿ ತುಂಬಿಸಿದರು.

ನೀರು ಹರಿವ ತೋಡಿನ ಆಚೆ ಗೆದ್ದ ಪಾರ್ಟಿಯ ಕಮಲಕ್ಕನ ಮನೆ. ಅಲ್ಲಿಯೂ ಬೆಲ್ಲ ನೀರು, ಅಲ್ಲಿಯೂ ಎರಡು ಗ್ಲಾಸು. ಅವರದು ತಳ ಮುಚ್ಚುವಷ್ಟೇ. ಸೋತವರದ್ದೆಂದು ಹೊಯ್ದದ್ದು ಅಂಚು ಮೀರಿ ಜಗಲಿಗೆ ಹರಿಯಿತು. "ಕಿಟ್ಟಣ್ಣ ಇನ್ನು ನನ್ನ ಮುಖ ನೋಡ್ಲಿಕ್ಕಿಲ್ಲ," ಎಂದು ಸೆರಗಿನಿಂದಲೇ ಒರೆಸಿದರು. ಒಬ್ಬರ ಉತ್ತರ ಇನ್ನೊಬ್ಬರಿಗೆ ಹೇಳಬಾರದೆಂದು ರೂಲ್ ಉಂಟು. ಬೆಲ್ಲ ಕಚ್ಚಿಕೊಂಡು ಅವರ ಉತ್ತರ ಬರೆದುಕೊಂಡೆ.

ಪಪ್ಪಾ, ಹೋದ ಮನೆಯಲ್ಲೆಲ್ಲ ಹೀಗೆಯೇ. ಒಂದು ಇಡೀ ಗುಡ್ಡದ ಜನ ಯಾರಲ್ಲೂ ಇಲ್ಲದ ಕೋಪಕ್ಕೆ ಹೆದರಿ ಬದುಕುತ್ತಿದ್ದಾರೆ! ಇಷ್ಟೇ ಮನೆಯಿಂದ ಏನೂ ಪ್ರೂವ್ ಆಗುವುದಿಲ್ಲ ಎಂದರು ಮಿಸ್. ಬದಿಯಡ್ಕದಿಂದ ಬರುವ ಬಸ್ಸಿನಲ್ಲಿ ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಇವರೆಲ್ಲರ ಒಳಗೂ ಆ ಎರಡು ಗ್ಲಾಸು ಉಂಟಲ್ಲ ಎನ್ನಿಸಿತು.

ಬಿಪಿ ಮಾತ್ರೆ ತಪ್ಪಿಸಬೇಡಿ. ಪರೀಕ್ಷೆ ಹತ್ತಿರ ಬಂತು. ಅಲ್ಲಿಂದಲೇ ನನ್ನ ತಲೆಯ ಮೇಲೆ ಕೈ ಇಡಿ.

ನಿಮ್ಮ
ತೃಷಾ

ತಾ.ಕ.: ರೂಮಿಗೆ ಬಂದು ನಾನೂ ಎರಡು ಗ್ಲಾಸು ಇಟ್ಟೆ. ನನ್ನದು ಒದ್ದೆಯೂ ಆಗಲಿಲ್ಲ. ನಿಮ್ಮದು ತುಂಬಿ ಮೇಜೆಲ್ಲ ಹರಿಯಿತು. ಐದನೇ ಕ್ಲಾಸಿಗೆ ಹಾಸ್ಟೆಲಿನಲ್ಲಿ ಬಿಟ್ಟ ದಿನ ನೀವು ತಿರುಗಿ ನೋಡದೆ ಗೇಟು ದಾಟಿದಿರಿ. ಆವತ್ತಿನಿಂದ ನಿಮ್ಮ ಮೌನವನ್ನೆಲ್ಲ ಕೋಪವೆಂದೇ ತುಂಬಿಸುತ್ತ ಬಂದಿದ್ದೇನೆ. ಬರುವ ಭಾನುವಾರ ಸೀತಾಂಗೋಳಿಯಲ್ಲಿ ಬಸ್ಸಿಳಿದು ಮನೆಗೆ ಬರುತ್ತೇನೆ. ಜಗಲಿಯಲ್ಲಿ ಬೆಲ್ಲದ ಜೊತೆ ಎರಡು ಗ್ಲಾಸು ಇಟ್ಟಿರಿ. ನಿಮ್ಮದನ್ನು ಈ ಸಲ ನೀವೇ ಹೊಯ್ಯಿರಿ.