ನಡುಪಟ್ಟಿಗೆ ಬಿದ್ದ ಹೊಲಿಗೆ

೧. ಬರೆಯುವವರು: ಗುರುಶಾಂತಪ್ಪ, ನಿವೃತ್ತ ನಕಲು ಗುಮಾಸ್ತ. ಮೂಲ ಯಲಬುರ್ಗಾ, ಹಾಲಿ ವಾಸ ಗಂಗಾವತಿ.
೨. ಸೇರಬೇಕಾದವರು: ದಿವಂಗತ ಖಾಸಿಮಸಾಬ, ದರ್ಜಿ, ಗಂಗಾವತಿ.
೩. ವಿಷಯ: ಮೊಮ್ಮಗಳು ಪಲ್ಲವಿಯ ನೃತ್ಯದ ಲಂಗಕ್ಕೆ ಜೋಲು ನಿರಿಗೆ ಹೊಲಿಸಿದ ಕುರಿತು.
೪. ಉಲ್ಲೇಖ: ನನ್ನ ಅಂಗಿಯ ಅಳತೆ ಹಿಡಿಯುವಾಗಲೆಲ್ಲ ತಾವು ಬಾಯಿಮಾತಿನಲ್ಲಿ ಸಲ್ಲಿಸಿದ, ನಾನು ಪ್ರತಿಸಲವೂ ತಿರಸ್ಕರಿಸಿದ ಬೇಡಿಕೆ.

ಪ್ರೀತಿಯ ಖಾಸಿಮಣ್ಣನವರಿಗೆ,

ಬಯಲಾಟದ ದಿನಗಳಲ್ಲಿ ತಾವು ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದಿರಿ. ನಾನು ರಾಣಿಯ ಪಾತ್ರದವನು. ಲಂಗ ಉಟ್ಟು, ಮೊಣಕಾಲು ಬಗ್ಗಿಸಿ, ಉಸಿರು ಹಿಡಿದು ನಿಂತಿರಬೇಕು. ನಡುವಿನಿಂದ ತೊಡೆಯವರೆಗೆ ಅರ್ಧಚಂದ್ರದಂತೆ ಇಳಿಬೀಳುವ ಆ ಜೋಲು ನಿರಿಗೆಯನ್ನು ತಾವು ನನ್ನ ಮೈಮೇಲೆಯೇ ಕೂರಿಸಿ ಹೊಲಿಯುತ್ತಿದ್ದಿರಿ. ಮುಗಿದ ಮೇಲೆ, ರಾಣಿಯನ್ನು ಅಮ್ಮಾವ್ರೇ ಎಂದು ಕರೆಯುವ ಹಾಗೆ, “ಬಾಯಾರ, ಈಗ ಒಂದ್ ಸುತ್ತ ತಿರುಗ್ರಿ” ಎನ್ನುವಿರಿ. ನಾನು ತಿರುಗಿದರೆ ಗುಂಡುಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ “ಛಲೋ ಆತು” ಎಂದು ಗೊಣಗುವಿರಿ. ನನ್ನಷ್ಟು ಚೆಂದವಾಗಿ ತಿರುಗುವವರು ಸುತ್ತಮುತ್ತ ಯಾರೂ ಇರಲಿಲ್ಲವೆಂದು ಆಗ ಜನ ಆಡುತ್ತಿದ್ದ ಮಾತು ಅತಿಶಯೋಕ್ತಿಯಲ್ಲವೆಂದು ಇಲ್ಲಿ ನಮೂದಿಸುತ್ತೇನೆ.

ಕಚೇರಿಗೆ ಸೇರಿದ ಹೊಸದರಲ್ಲಿ ಯಾರೋ ನನ್ನ ಮೇಜಿನ ಮೇಲೆ ಹಸಿರು ಬಳೆ ಇಟ್ಟಿದ್ದರು. ಆ ದಿನದ ಅರ್ಜಿಗಳ ನಕಲನ್ನು ಒಂದಕ್ಷರವೂ ತಪ್ಪದಂತೆ ಮುಗಿಸಿ, ನೇರವಾಗಿ ತಮ್ಮ ಅಂಗಡಿಗೆ ಬಂದೆ. ಇನ್ನು ಮುಂದೆ ನನಗೆ ಅಂಗಿ ಮಾತ್ರ ಹೊಲಿಯತಕ್ಕದ್ದು, ಆಟದ ಸುದ್ದಿಯನ್ನು ಯಾರ ಮುಂದೆಯೂ ಎತ್ತತಕ್ಕದ್ದಲ್ಲ ಎಂದೆ. ತಾವು ಎತ್ತಲಿಲ್ಲ. ಆದರೆ ಅಳತೆಯ ಟೇಪು ನನ್ನ ಹೆಗಲ ಮೇಲೆ ಬಿದ್ದಾಗಲೆಲ್ಲ, ಸುತ್ತ ಯಾರೂ ಇಲ್ಲದ್ದು ನೋಡಿ, “ಬಾಯಾರ, ಒಂದ್ ಸುತ್ತ?” ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ. “ಅಂಗಿ ಅಳತಿ ತಗೋಳ್ರಿ, ಸಾಕು” ಎಂಬುದೇ ನನ್ನ ಉತ್ತರ. ತಮ್ಮ ಕೊನೆಯ ರಂಜಾನಿಗೂ ಅದೇ ಪ್ರಶ್ನೆ, ಅದೇ ಉತ್ತರ. ಆಮೇಲೆ ತಾವು...

ಮೊನ್ನೆ ಕೊಪ್ಪಳದ ತಾಲೀಮಿನಲ್ಲಿ ಪಲ್ಲವಿ ಬಿದ್ದಳು. ಅವಳ ಕಾಲೇಜಿನ ಹುಡುಗಿಯರ ನೃತ್ಯ. ಕೊನೆಯ ಭಾಗದಲ್ಲಿ ಮುಂದಿನ ಸಾಲಿನವಳು ಬಗ್ಗಿ ಎದ್ದು ಗಿರಗಿರನೆ ತಿರುಗಬೇಕು. ಎಡಗಡೆಯ ಜೋಲು ಜಾರಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿತಂತೆ. ಮನೆಗೆ ಬಂದು ಮೊಣಕಾಲಿಗೆ ಅರಿಸಿನ ಹಚ್ಚಿಕೊಳ್ಳುತ್ತ, “ಅಜ್ಜಾ, ಲಂಗಾ ನೆಟ್ಟಗ ಆಗಲಿಲ್ಲಂದ್ರ ನನ್ನ ಹಿಂದಿನ ಸಾಲಿಗೆ ನಿಲ್ಲಸ್ತಾರಂತ. ನನ್ನ ಜಾಗಾ ಬ್ಯಾರೇದಕಿಗೆ” ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಪ್ರದರ್ಶನದ ದಿನ ಬೆಳಿಗ್ಗೆಯೇ ಅವಳು ಕಡೆಯ ತಾಲೀಮಿಗೆಂದು ಕೊಪ್ಪಳಕ್ಕೆ ಹೋದಳು. ಲಂಗವನ್ನು ಸರಿಪಡಿಸಿ ಸಂಜೆಯೊಳಗೆ ತಲುಪಿಸುವ ಹೊಣೆ ನನ್ನ ಪಾಲಿಗೆ ಬಂತು.

ತಮ್ಮ ಅಂಗಡಿಯನ್ನು ಈಗ ಮಗಳು ರೆಹಾನಾ ನಡೆಸುತ್ತಾಳೆ. ಮದುವೆಯ ಬ್ಲೌಸಿಗೆ ಊರಿಗೇ ಹೆಸರಾದವಳು. ಲಂಗವನ್ನು ಗೊಂಬೆಗೆ ತೊಡಿಸಿ, “ಇದರ ಮ್ಯಾಲೆ ಎಷ್ಟ ಛಲೋ ಕುಂದ್ರತೈತಿ ನೋಡ್ರಿ ಕಾಕಾ. ಹುಡುಗಿ ಮ್ಯಾಲೆ ಯಾಕ ಇಳೀತೈತೋ ತಿಳೀವಲ್ದು. ಆಟದ ಲಂಗಾ ನಮ್ಮ ಅಬ್ಬಾ ಹೊಲೀತಿದ್ರಂತ. ನಾ ಕಲಿಯೂದ್ರಾಗ ಅವು ಬರೂದ ನಿಂತಿತ್ತು. ನೀವು ನೋಡೀರೇನ್ರಿ?” ಎಂದಳು.

ನಾನು ಗಂಟಲು ಸರಿಪಡಿಸಿಕೊಂಡು, ನಿರಿಗೆಯ ಮೇಲಂಚನ್ನು ಸೂಕ್ತ ಸ್ಥಳದಲ್ಲಿ ಭದ್ರವಾಗಿ ಅಳವಡಿಸತಕ್ಕದ್ದೆಂದೂ, ಕೆಳ ಅಂಚನ್ನು ಮುಕ್ತವಾಗಿ ಬಿಡತಕ್ಕದ್ದೆಂದೂ ಹೇಳಿದೆ.

“ಕಾಕಾ, ಇದು ಅರ್ಜಿ ಅಲ್ಲರಿ. ಸೂಜಿ ಎಲ್ಲಿ ಹಾಕ್ಲಿ, ಅದನ್ನ ಹೇಳ್ರಿ.”

ಎಲ್ಲಿ? ಗೋಡೆಯ ಸುಣ್ಣದ ಹೊರತು ನಾನು ನೋಡಿದ್ದೇನು?

“ನಾ ನೋಡಿಲ್ಲವ್ವ,” ಎಂದೆ. “ನಾ ಉಟ್ಕೊಂಡಿದ್ದೆ.”

ಅವಳ ಕತ್ತರಿ ನಿಂತಿತು. “ಅದಕ್ಕ ಅಬ್ಬಾ ನಿಮಗ ಬಾಯಾರ ಅಂತಿದ್ರೇನ್ರಿ? ಪರದೇದ ಹಿಂದ ಕುಂತು ಕೇಳೀನಿ. ಯಾಕ ಅಂತ ಕೇಳಿದ್ರ ನಕ್ಕು ಸುಮ್ನಾಗತಿದ್ರು. ಕಡೀತನಕಾ ಹೇಳಲೇ ಇಲ್ಲ.”

ಸ್ವಂತ ಮಗಳಿಗೂ ಹೇಳಿರಲಿಲ್ಲವೇ, ಖಾಸಿಮಣ್ಣ?

“ಸಿಟ್ಟಾಗಬ್ಯಾಡ್ರಿ ಕಾಕಾ,” ಎಂದು ಅವಳು ಲಂಗವನ್ನು ಗೊಂಬೆಯಿಂದ ಬಿಚ್ಚಿದಳು. “ಒಮ್ಮೆ ಉಟ್ಕೋರಿ.”

ಮಧ್ಯಾಹ್ನದ ಕರೆಂಟು ಹೋಗಿತ್ತು. ಷಟರ್ ಎಳೆದರೆ ಕತ್ತಲೆ, ತೆರೆದರೆ ಇಡೀ ಬೀದಿ. ಹೊರಗೆ ನನಗೆ ದಿನವೂ ನಮಸ್ಕಾರ ಹೇಳುವ ಜನ ಓಡಾಡುತ್ತಿದ್ದರು. ಅವರಲ್ಲಿ ಯಾರಾದರೂ ಒಳಗೆ ಇಣುಕಿದರೆ? ಕೊಪ್ಪಳದ ಬಸ್ಸಿಗೆ ಹೊತ್ತಾಗುತ್ತಿತ್ತು. ಪಲ್ಲವಿಯ ಮೊಣಕಾಲಿನ ಅರಿಸಿನ ಕಣ್ಣಿಗೆ ಕಟ್ಟಿತು. ಧೋತರದ ಮೇಲೆಯೇ ಲಂಗ ಏರಿಸಿ, ಲಾಡಿ ಬಿಗಿದು, ಬಾಗಿಲ ಬೆಳಕಿನಲ್ಲಿ ನಿಂತೆ.

ಬ್ಲೌಸು ಒಯ್ಯಲು ಬಂದ ಸಾಣಾಪುರದ ಹೆಣ್ಣುಮಗಳೊಬ್ಬಳು ಮೆಟ್ಟಿಲಲ್ಲೇ ಗಕ್ಕನೆ ನಿಂತಳು. “ಅಯ್ಯ ಯವ್ವಾ! ಲಂಗಾ ನಿಮಗ ಭಾಳ ಒಪ್ಪೈತ್ರಿ ಅಜ್ಜಾರ. ಲಗ್ನ ಯಾವಾಗರಿ?”

“ತಂಗಿ,” ಎಂದೆ, “ಒಂದ್ ಕಾಲಕ್ಕ ನನ್ನ ನೋಡಾಕ ಕುಷ್ಟಗಿ ಕಡಿಂದ ಬಂಡಿ ಕಟ್ಕೊಂಡು ಬರ್ತಿದ್ರು. ನಿನಗ ಪುಕ್ಕಟೆ ಸಿಕ್ಕೈತಿ, ನೋಡು.”

ಮೊಣಕಾಲು ಬಗ್ಗಿಸಿದೆ, ಅದು ಒಪ್ಪಲಿಲ್ಲ. ಮತ್ತೆ ಬಗ್ಗಿಸಿದೆ. ಎದ್ದು ತಿರುಗಿದೆ. ಎಡಗಡೆ ಜೋಲು ಸರ್ರನೆ ಇಳಿದು ಪಾದಕ್ಕೆ ಬಂತು. ಗೊಂಬೆಯನ್ನು ಹಿಡಿದುಕೊಳ್ಳದಿದ್ದರೆ ನಾನೂ ಬೀಳುತ್ತಿದ್ದೆ. ರೆಹಾನಾ ಜೋಲನ್ನು ಎತ್ತಿ, ನಡುವಿನಿಂದ ಗೇಣು ಕೆಳಗೆ ಲಂಗದ ಬಟ್ಟೆಗೇ ಮತ್ತೆ ಗುಂಡುಸೂಜಿ ಚುಚ್ಚತೊಡಗಿದಳು. ಆಗ ತಿಳಿಯಿತು. ತಲೆಗಲ್ಲ, ಮೈಗೆ. ತಾವು ಹೊಲಿಗೆ ಹಾಕುವಾಗ ತಮ್ಮ ಬೆರಳ ಗೆಣ್ಣು ನನಗೆ ನೋವಾಗುವಂತೆ ಒತ್ತುತ್ತಿತ್ತಲ್ಲವೇ?

“ಅಲ್ಲಲ್ಲವ್ವ! ನಿಮ್ಮ ಅಬ್ಬಾನ ಗೆಣ್ಣು ನನ್ನ ಸೊಂಟದ ಎಲುಬಿಗೆ ಬಡೀತಿತ್ತು. ಅಲ್ಲಿ ಬರೀ ಬಟ್ಟಿ ಇಲ್ಲ.”

ಅವಳು ಅಲ್ಲಿ ಕೈಯಿಟ್ಟಳು. ಎಲುಬಿನ ಮೇಲೆ ಇದ್ದದ್ದು ಲಂಗದ ಲಾಡಿ ಹಾಯುವ ನಡುಪಟ್ಟಿ. “ಖರೇನ ಕಾಕಾ! ತಿರುಗಿದ್ರ ಲಂಗಾ ಹಾರತೈತಿ, ಪಟ್ಟಿ ಹಾರಂಗಿಲ್ಲ. ಜೋಲು ಪಟ್ಟಿಗೆ ಬೀಳಬೇಕಿತ್ತು.” ಮಶೀನಿನ ಹೊಲಿಗೆಯನ್ನೆಲ್ಲ ಬಿಚ್ಚಿ, ನನ್ನ ಮೈಮೇಲೆಯೇ ಕೈಹೊಲಿಗೆ ಹಾಕತೊಡಗಿದಳು. ಅವಳ ಗೆಣ್ಣೂ ಒತ್ತುತ್ತದೆ, ಖಾಸಿಮಣ್ಣ. ತಮ್ಮದಕ್ಕಿಂತ ಜೋರಾಗಿಯೇ. ಸಾಣಾಪುರದವಳು ತನ್ನ ಬ್ಲೌಸು ಮರೆತು, ನನ್ನ ಬಲಗಡೆಯ ನಿರಿಗೆ ಹಿಡಿದು ಕುಳಿತಿದ್ದಳು.

ಕೊಪ್ಪಳದಲ್ಲಿ ನಾನು ಬಸ್ಸಿನಿಂದ ಇಳಿಯುವಾಗ ಉಳಿದ ಹುಡುಗಿಯರೆಲ್ಲ ಬಣ್ಣ ಹಚ್ಚಿಕೊಂಡು ತಯಾರಾಗಿದ್ದರಂತೆ. ಪಲ್ಲವಿಯ ಜಾಗಕ್ಕೆಂದು ಗೊತ್ತುಮಾಡಿದ್ದ ಹುಡುಗಿ ಅವಳ ಪಕ್ಕದಲ್ಲೇ ಗೆಜ್ಜೆ ಕಟ್ಟಿಕೊಂಡು ನಿಂತಿದ್ದಳು. ಪಲ್ಲವಿ ನನ್ನ ಚೀಲದಿಂದ ಲಂಗ ಕಿತ್ತುಕೊಂಡು ಒಳಗೆ ಓಡಿದಳು. ಸಭೆಯಲ್ಲಿ ಕುಳಿತ ನಾನು ಅವಳ ಮುಖ ನೋಡಲಿಲ್ಲ. ಎಡ ಸೊಂಟವನ್ನಷ್ಟೇ ನೋಡುತ್ತಿದ್ದೆ. ಕೊನೆಯ ಭಾಗ ಬಂತು. ಬಗ್ಗಿದಳು. ಎದ್ದಳು. ತಿರುಗಿದಳು. ಜೋಲು ಹಕ್ಕಿಯ ರೆಕ್ಕೆಯಂತೆ ಮೇಲೆದ್ದು... ಅಲ್ಲೇ ನಿಂತಿತು. ಅವಳು ನಿಂತ ಮೇಲೆ ಮೆಲ್ಲಗೆ ಇಳಿದು, ತನ್ನ ಜಾಗದಲ್ಲಿ ಕೂತಿತು.

ಆಟ ಮುಗಿದು ಹೊರಗೆ ಬಂದವಳೇ, “ಅಜ್ಜಾ, ನನ್ನ ಮೈಮ್ಯಾಗ ಹೊಲಿದಂಗ ಐತಿ! ಯಾರ ಮ್ಯಾಲೆ ಅಳತಿ ಹಿಡಿದ್ರು?” ಎಂದು ಕೇಳಿದಳು.

“ನನ್ನ ಮ್ಯಾಲೆ.”

“ಸುಳ್ಳ ಹೇಳಬ್ಯಾಡ ಅಜ್ಜಾ!” ಎಂದು ನಕ್ಕಳು. ಅವಳ ಗೆಳತಿಯರೂ ನಕ್ಕರು. ಅವರಿಗೆ ನೃತ್ಯ ಕಲಿಸಿದ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ನಾನು ಚೀಲವನ್ನು ಕೆಳಗಿಟ್ಟೆ, ಧೋತರದ ಚುಂಗನ್ನು ಎಡಗೈಯಲ್ಲಿ ಹಿಡಿದೆ.

ಆದ ಕಾರಣ, ತಮ್ಮ ಬಹುಕಾಲದ ಬೇಡಿಕೆಯನ್ನು ಪುರಸ್ಕರಿಸಿ, ತಮ್ಮ ಅಂಗಡಿಯ ಬೆಳಕಿನಲ್ಲಿ ಒಂದು ಸುತ್ತು, ಕೊಪ್ಪಳದಲ್ಲಿ ಎಲ್ಲರ ಎದುರಿಗೆ ಇನ್ನೊಂದು ಸುತ್ತು ತಿರುಗಿದ್ದೇನೆಂದು ಈ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ. ಎರಡನೆಯದು ನೆಟ್ಟಗೆ ಬಂತೆಂದು ಪಲ್ಲವಿ ಹೇಳುತ್ತಾಳೆ. ತಾವು ಏನೆನ್ನುವಿರಿ?

(ಸಹಿ)
ಗುರುಶಾಂತಪ್ಪ ಉರ್ಫ್ ಬಾಯಾರು

ಲಗತ್ತು: ಜೋಲು ನಿರಿಗೆಯಿಂದ ಉಳಿದ ಕೆಂಪು ಜರಿ ಬಟ್ಟೆಯ ತುಣುಕು, ಒಂದು. ರೆಹಾನಾಳ ಕೈಹೊಲಿಗೆ ಇದರಲ್ಲಿದೆ, ಪರಾಂಬರಿಸುವುದು.